ಕಿವಿ ಕೊಡು, ತಾಯೇ

ತಾಯೇ ಶಾರದೆ, ಬಂದೆ.

ಇನ್ನೂ ಒಂಬತ್ತು ಗಂಟೆ. ಮೊದಲ ಬಸ್ಸಿನ ಮಕ್ಕಳು ಬರುವುದಕ್ಕೆ ಹೊತ್ತಿದೆ. ಗ್ರಂಥಾಲಯದ ಬೀಗ ತೆಗೆದೆ, ಕಿಟಕಿ ತೆರೆದೆ, ಕಸ ಗುಡಿಸಿದೆ. ನಿನ್ನ ಪಟಕ್ಕೆ ನಾಲ್ಕು ನಂದಿಬಟ್ಟಲು ಹೂವು ಇಟ್ಟಿದ್ದೇನೆ. ಊದುಬತ್ತಿ ಹಚ್ಚಿಲ್ಲ. ಇಷ್ಟು ಹಳೆಯ ಕಾಗದದ ನಡುವೆ ಕಿಡಿ ಬೇಡವೆಂದು. ಅಷ್ಟು ಕೊರತೆಯನ್ನು ಮನ್ನಿಸು.

ಲೋಕವೆಲ್ಲ ನಿನ್ನಲ್ಲಿ ಮಾತು ಬೇಡುತ್ತದೆ. ನಾಲಿಗೆಯ ಮೇಲೆ ನೆಲಸು ಅನ್ನುತ್ತದೆ. ನಾನೂ ಹಾಗೆ ಬೇಡಿಯೇ ಬೆಳೆದವಳು. ಶೃಂಗೇರಿಯಲ್ಲಿ, ನಿನ್ನೆದುರಿಗೆ, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅಪ್ಪ ನನ್ನ ಬೆರಳು ಹಿಡಿದು ಮೊದಲ ಅಕ್ಷರ ಬರೆಸಿದರು. ಅದೇ ಬೆರಳಿನಿಂದ ಇಪ್ಪತ್ತಾರು ವರ್ಷ ಕರಿಹಲಗೆಯ ಮೇಲೆ ಬರೆದೆ. ಕನ್ನಡ ಪಾಠ ಹೇಳಿ ಅನ್ನ ಉಂಡೆ, ಜೊತೆಗೆ ಈ ಗ್ರಂಥಾಲಯವನ್ನೂ ನೋಡಿಕೊಂಡೆ. ಋಣ ದೊಡ್ಡದು ತಾಯೇ. ತೀರಿಸುತ್ತೇನೆ ಅನ್ನುವ ಸೊಕ್ಕು ನನಗಿಲ್ಲ.

ಇವತ್ತು ಬೇಡುವುದು ಬೇರೆ. ಮಾತು ಸಾಕು. ನನಗೆ ಕಿವಿ ಕೊಡು.

ಗೋಡೆಯ ಮೇಲೆ ಸುಣ್ಣದ ಬಣ್ಣ ಬೇರೆಯಾಗಿರುವ ಒಂದು ಪಟ್ಟಿ ಕಾಣುತ್ತದಲ್ಲ, ಅಲ್ಲೊಂದು ಗಾದೆ ಇತ್ತು. ಮಾತು ಬೆಳ್ಳಿ, ಮೌನ ಬಂಗಾರ. ನಾನೇ ಬರೆಸಿದ್ದು. ಪೇಂಟರ್‌ಗೆ ನನ್ನ ಕೈಯಿಂದ ದುಡ್ಡು ಕೊಟ್ಟು, ನೀಲಿ ಬಣ್ಣದಲ್ಲಿ, ದುಂಡಗೆ ಬರೆಸಿದ್ದೆ. ಗ್ರಂಥಾಲಯದಲ್ಲಿ ಸದ್ದಿರಬಾರದು, ಅಷ್ಟೇ ನನ್ನ ಆಸೆ. ಆ ಗಾದೆಯ ಕೆಳಗೆ ಒಬ್ಬ ಹುಡುಗಿ ಕೂರುತ್ತಿದ್ದಳು. ನಿನಗೆ ಗೊತ್ತಿರುವುದೇ. ಆದರೂ ಹೇಳುತ್ತೇನೆ. ಹೇಳದೆ ಬಹಳ ವರ್ಷ ಕಳೆದೆ.

ಊಟದ ಬಿಡುವಿಗೆ ಬರುತ್ತಿದ್ದಳು. ಡಬ್ಬಿ ತೆರೆಯುತ್ತಿರಲಿಲ್ಲ. ಒಂದು ಪುಸ್ತಕ ತೆಗೆದುಕೊಂಡು, ಒಂದೇ ಪುಟದ ಮೇಲೆ ಕಣ್ಣಿಟ್ಟು, ಗಂಟೆ ಹೊಡೆಯುವವರೆಗೆ ಕೂರುತ್ತಿದ್ದಳು. ದಸರಾ ರಜೆಗೆ ಮುಂಚೆ ಗಲಗಲ ಅನ್ನುತ್ತಿದ್ದ ಹುಡುಗಿ. ರಜೆ ಮುಗಿಸಿ ಬಂದಮೇಲೆ ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ದನಿ ಬರುತ್ತಿರಲಿಲ್ಲ. ತುಟಿ ಕಚ್ಚಿ ಕಚ್ಚಿ ಗಾಯವಾಗಿತ್ತು. ನಾನು ನೋಡಿದೆ ತಾಯೇ. ನೋಡಲಿಲ್ಲ ಎಂದು ನಿನ್ನ ಮುಂದೆ ಸುಳ್ಳು ಹೇಳಲಾರೆ. ನೋಡಿ, ಎಷ್ಟು ಶಿಸ್ತಿನ ಹುಡುಗಿ ಎಂದುಕೊಂಡೆ. ಬೇರೆ ಮಕ್ಕಳು ಗದ್ದಲ ಮಾಡಿದಾಗ ಅವಳ ಕಡೆ ಬೆರಳು ತೋರಿಸಿ, ಅವಳನ್ನು ನೋಡಿ ಕಲಿಯಿರಿ ಎಂದೆ.

ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತಳು. "ಮೇಡಂ" ಎಂದಳು. ಆ ತಿಂಗಳು ಪುಸ್ತಕಗಳ ತಪಾಸಣೆ. ನಾನು ರಿಜಿಸ್ಟರಿನಲ್ಲಿ ನಂಬರು ತುಂಬುತ್ತಿದ್ದೆ. ತಲೆ ಎತ್ತದೆ, "ಆಮೇಲೆ ಬಾಮ್ಮ" ಎಂದೆ. ಅವಳು ಸ್ವಲ್ಪ ಹೊತ್ತು ಅಲ್ಲೇ ಇದ್ದಳು. ನನಗೆ ಅವಳ ಚಪ್ಪಲಿ ಕಾಣುತ್ತಿತ್ತು. ಎಡಗಾಲಿನ ಬಾರು ಕಿತ್ತು, ಪಿನ್ನು ಹಾಕಿತ್ತು. ಆಮೇಲೆ ಚಪ್ಪಲಿಗಳು ಕಾಣಲಿಲ್ಲ.

ಸಂಕ್ರಾಂತಿ ಕಳೆದಮೇಲೆ ಅವಳು ಬರಲೇ ಇಲ್ಲ. ಮನೆಯವರು ಟಿ.ಸಿ. ತೆಗೆದುಕೊಂಡು ಹೋದರಂತೆ. ಏನಾಗಿತ್ತೆಂದು ಬಹಳ ತಡವಾಗಿ, ಯಾರದೋ ಬಾಯಿಂದ, ಅರ್ಧಂಬರ್ಧ ನನ್ನ ಕಿವಿಗೆ ಬಿತ್ತು. ಆ ಅರ್ಧವನ್ನೂ ಇಲ್ಲಿ ಹೇಳುವುದಿಲ್ಲ. ಅದು ಅವಳದು. ಈಗ ಎಲ್ಲಿದ್ದಾಳೋ. ಎಲ್ಲಿದ್ದರೂ ಅವಳ ಬಳಿ ಒಬ್ಬರಾದರೂ ಇರುವ ಹಾಗೆ ನೋಡಿಕೋ ತಾಯೇ. ಆಮೇಲೆ ಬಾ ಎನ್ನದ ಒಬ್ಬರು.

ತಂಗಿಯ ಮಗಳು ಅಮೆರಿಕದಿಂದ ಬಂದಾಗ ಒಂದು ಪುಸ್ತಕ ತಂದಳು. ಅದನ್ನು ನಿನ್ನ ಪ್ರಸಾದವೆಂದೇ ಈಗ ಕಣ್ಣಿಗೊತ್ತಿಕೊಳ್ಳುತ್ತೇನೆ. "ದೊಡ್ಡಮ್ಮ, ಒಂಬತ್ತನೇ ಕ್ಲಾಸಿನಲ್ಲಿ ನಮಗಿದು ಪಾಠಕ್ಕಿತ್ತು, ಓದಿ" ಎಂದಳು. ಹೆಸರು 'ಸ್ಪೀಕ್'. ಮಾತಾಡು ಎಂದು. ಬರೆದಾಕೆ ಲಾರಿ ಹ್ಯಾಲ್ಸ್ ಆಂಡರ್ಸನ್. ಅಚ್ಚಾದದ್ದು 1999ರಲ್ಲಿ. ನನ್ನ ಇಂಗ್ಲಿಷು ನಿಧಾನ. ನಿಘಂಟನ್ನು ಮಡಿಲಲ್ಲಿಟ್ಟುಕೊಂಡು ಹದಿನೆಂಟು ರಾತ್ರಿ ಓದಿದೆ. ಸಿರಕ್ಯೂಸ್ ಎಂಬ ಹಿಮದ ಊರು. ನಾನು ಕಾಣದ ಊಟ, ಕಾಣದ ಆಟ. ಆದರೆ ಆ ಹುಡುಗಿಯ ಗುರುತು ಹತ್ತಿತು. ಅವಳೂ ತುಟಿ ಕಚ್ಚಿಕೊಳ್ಳುತ್ತಾಳೆ.

ಮೆಲಿಂಡಾ ಎಂದು ಅವಳ ಹೆಸರು. ಹೈಸ್ಕೂಲಿಗೆ ಆಗಷ್ಟೇ ಕಾಲಿಡುವವಳು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಒಂದು ಪಾರ್ಟಿಗೆ ಹೋದಳು. ಮೇಲಿನ ತರಗತಿಯ ಹುಡುಗನೊಬ್ಬ ಅಲ್ಲಿ ಅವಳ ಮೇಲೆ ಅತ್ಯಾಚಾರ ಮಾಡಿದ. ಅವಳು ಪೊಲೀಸರಿಗೆ ಫೋನು ಮಾಡಿದಳು. ಬಾಯಿಂದ ಮಾತು ಹೊರಡಲಿಲ್ಲ. ಪೊಲೀಸರು ಬಂದರು, ಪಾರ್ಟಿ ಚದುರಿತು, ಕೆಲವರನ್ನು ಹಿಡಿದುಕೊಂಡು ಹೋದರು. ಶಾಲೆ ತೆರೆದಾಗ ಎಲ್ಲರ ಬಾಯಲ್ಲೂ ಒಂದೇ ಮಾತು, ಪೊಲೀಸರನ್ನು ಕರೆಸಿದವಳು ಇವಳೇ. ಯಾಕೆ ಕರೆಸಿದಳು ಎಂದು ಒಬ್ಬರೂ ಕೇಳಲಿಲ್ಲ. ಜೀವದ ಗೆಳತಿ ರೇಚೆಲ್ ಮುಖ ತಿರುಗಿಸಿದಳು. ಮನೆಯಲ್ಲಿ ಅಪ್ಪ ಅಮ್ಮ ಅಡುಗೆ ಕಟ್ಟೆಯ ಮೇಲೆ ಚೀಟಿ ಬರೆದಿಟ್ಟು ಸಂಸಾರ ಸಾಗಿಸುವವರು. ಮಾರ್ಕು ಇಳಿದಾಗ ಬೈದರು. ಮಾತಾಡದಿದ್ದಾಗ ಹಟ ಎಂದರು.

ಯಾರೂ ಕೇಳಲಿಲ್ಲ ತಾಯೇ. ಸುಮಾರು ಇನ್ನೂರು ಪುಟದ ಪುಸ್ತಕದಲ್ಲಿ ನನ್ನನ್ನು ಸುಟ್ಟದ್ದು ಅದು. ಆ ದುರುಳ ಕೆಡಿಸಿದ್ದು ಒಂದು ರಾತ್ರಿಯನ್ನು. ಕೇಳದೆ ಹೋದವರು ಇಡೀ ವರ್ಷವನ್ನು ಕೆಡಿಸಿದರು. ಆ ಎರಡನೆಯವರ ಸಾಲಿನಲ್ಲಿ ನಾನಿದ್ದೆ. ಪುಟ ಮಗುಚಿದಾಗಲೆಲ್ಲ ಅಲ್ಲಿ ಸಿಗುವ ಟೀಚರುಗಳ ನಡುವೆ ನನ್ನ ಮುಖವನ್ನೇ ಕಂಡೆ.

ಹುಡುಗಿ ಒಂದು ಗೂಡು ಹುಡುಕಿಕೊಂಡಳು. ಜವಾನರು ಬಳಸದೆ ಬಿಟ್ಟ, ಪೊರಕೆ ಬಕೀಟು ಇಡುವ ಕೋಣೆ. ಅಲ್ಲೊಂದು ಕನ್ನಡಿ. ತನ್ನ ಮುಖವನ್ನು ತಾನೇ ನೋಡಲಾರದೆ ಅದರ ಮೇಲೆ ಅಮೆರಿಕದ ಲೇಖಕಿ ಮಾಯಾ ಏಂಜೆಲೋ ಅವರ ದೊಡ್ಡ ಚಿತ್ರ ಅಂಟಿಸಿದಳು. ಏಂಜೆಲೋ ಬರೆದ ಪುಸ್ತಕವೊಂದನ್ನು ಶಾಲೆಯ ಆಡಳಿತದವರು ನಿಷೇಧಿಸಿದ್ದರಿಂದ ಆ ಚಿತ್ರವನ್ನು ಗೋಡೆಯಿಂದ ಇಳಿಸಬೇಕಾಗಿತ್ತು. ಅದನ್ನು ಮೆಲಿಂಡಾಳ ಕೈಗೆ ಕೊಟ್ಟವಳು ಆ ಶಾಲೆಯ ಲೈಬ್ರರಿಯಾಕೆ. ಆ ಸಾಲು ಓದಿದಾಗ ನಿಘಂಟು ಕೆಳಗಿಟ್ಟು ಅತ್ತೆ. ನನ್ನಂಥವಳೊಬ್ಬಳು ಇಷ್ಟಾದರೂ ಮಾಡಿದ್ದಳಲ್ಲ. ಅವಳಿಗೂ ಏನೂ ಗೊತ್ತಿರಲಿಲ್ಲ. ಆದರೂ ಕೊಡಬೇಕಾದವಳಿಗೇ ಕೊಟ್ಟಳು.

ಏಂಜೆಲೋ ಯಾಕೆಂದು ನಿನಗೆ ಹೇಳಬೇಕೆ? ಆ ಮಹಾತಾಯಿಯೂ ಏಳೆಂಟು ವರ್ಷದ ಕೂಸಾಗಿದ್ದಾಗ ಇದೇ ಬೆಂಕಿಗೆ ಬಿದ್ದವರು. ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳಿದರು. ಆಮೇಲೆ ಆ ಕೃತ್ಯ ಮಾಡಿದ ಮನುಷ್ಯನ ಕೊಲೆಯಾಯಿತು. ನನ್ನ ಮಾತೇ ಕೊಂದಿತು ಎಂದು ಆ ಮಗು ನಂಬಿತು. ಸುಮಾರು ಐದು ವರ್ಷ ಅಣ್ಣನೊಬ್ಬನನ್ನು ಬಿಟ್ಟು ಹೊರಗಿನವರೊಡನೆ ಮಾತೇ ಆಡಲಿಲ್ಲ. ಆಗ ಸ್ಟ್ಯಾಂಪ್ಸ್ ಎಂಬ ಪುಟ್ಟ ಊರಿನಲ್ಲಿ ಮಿಸೆಸ್ ಫ್ಲವರ್ಸ್ ಎಂಬ ಹೆಂಗಸು ಅವಳನ್ನು ಮನೆಗೆ ಕರೆದರು. ಬಿಸ್ಕತ್ತು ಕೊಟ್ಟರು, ನಿಂಬೆ ಪಾನಕ ಕೊಟ್ಟರು, ಪುಸ್ತಕವೊಂದನ್ನು ಗಟ್ಟಿಯಾಗಿ ಓದಿ ಹೇಳಿದರು. ಮಾತಾಡು ಎಂದು ಗದರಲಿಲ್ಲ. 1969ರ ಆತ್ಮಕಥೆಯಲ್ಲಿ ಏಂಜೆಲೋ ಇದನ್ನೆಲ್ಲ ಬರೆದಿದ್ದಾರೆ. ಫ್ಲವರ್ಸ್ ಎಂದರೆ ಹೂವು. ನಿನ್ನ ಪಟದ ಮುಂದಿರುವ ಈ ನಾಲ್ಕು ಹೂವಿನಲ್ಲಿ ಒಂದು ಆಕೆಗೆ.

ಇನ್ನೊಂದು ಹೂವು ಮೆಲಿಂಡಾಳ ಶಾಲೆಯ ಚಿತ್ರಕಲೆ ಮೇಷ್ಟರಿಗೆ. ಫ್ರೀಮನ್ ಎಂದು. ಕತೆಯ ಮನುಷ್ಯ, ಆದರೂ ಇರಲಿ. ಅವರು ಒಂದು ಒಡೆದ ಭೂಗೋಳದೊಳಗೆ ಚೀಟಿ ಹಾಕಿ ಮಕ್ಕಳಿಂದ ಎತ್ತಿಸುತ್ತಾರೆ. ಚೀಟಿಯಲ್ಲಿ ಬಂದದ್ದನ್ನು ವರ್ಷವೆಲ್ಲ ಬಿಡಿಸಬೇಕು. ಮೆಲಿಂಡಾಳಿಗೆ ಮರ ಬಂತು. ಮರ ತಾನೇ, ಯಾರು ಬೇಕಾದರೂ ಬಿಡಿಸುತ್ತಾರೆ. ಅವಳಿಗೆ ಆಗಲಿಲ್ಲ. ಬರೆದ ಮರಗಳೆಲ್ಲ ಸತ್ತಂತೆ ಕಂಡವು. ಒಮ್ಮೆ ಹಬ್ಬದ ಊಟದ ಟರ್ಕಿ ಕೋಳಿ ಮೂಳೆಗಳನ್ನು ಜೋಡಿಸಿ ಏನೋ ಒಂದು ಮಾಡಿ ತಂದಳು. ಮೇಷ್ಟರು ಅದರ ಮುಂದೆ ನಿಂತರು. ಚೆನ್ನಾಗಿದೆ ಎಂದು ಹೇಳಿ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಅದರಲ್ಲಿ ನೋವಿದೆ ಎಂದರು. ಮತ್ತೊಂದು ದಿನ, ನಿನಗೆ ಹೇಳುವುದು ಬಹಳ ಇದೆ ಅನ್ನಿಸುತ್ತದೆ, ಕೇಳುವ ಆಸೆ ನನಗಿದೆ ಎಂಬರ್ಥದ ಒಂದು ಮಾತಾಡಿದರು. ಅಷ್ಟೇ. ಹಿಡಿದು ಜಗ್ಗಲಿಲ್ಲ. ಹೇಳು ಹೇಳು ಎಂದು ಪೀಡಿಸಲಿಲ್ಲ. ಒಂದು ವರ್ಷ ಕಾದರು.

ಕಾಯುವುದು ಎಷ್ಟು ಕಷ್ಟ ತಾಯೇ. ನನಗೆ ಇಪ್ಪತ್ತು ನಿಮಿಷ ಕಾಯಲಾಗಲಿಲ್ಲ.

ಆ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ನಾನು ಅದನ್ನು ಮತ್ತೆ ಮತ್ತೆ ತೆರೆಯುತ್ತೇನೆ. ನಡೆಯುವುದು ಲೈಬ್ರರಿಯಲ್ಲಿ. ಮೆಲಿಂಡಾ ಮತ್ತು ರೇಚೆಲ್ ಒಂದೇ ಮೇಜಿಗೆ ಕೂರುತ್ತಾರೆ. ಅಲ್ಲಿ ಮಾತಾಡುವಂತಿಲ್ಲವಲ್ಲ. ಒಂದು ಹಾಳೆಯ ಮೇಲೆ ಬರೆದು ಆಚೆ ಈಚೆ ತಳ್ಳುತ್ತಾರೆ. ಆ ಹಾಳೆಯ ಮೇಲೆ ಮೆಲಿಂಡಾ ಮೊದಲ ಬಾರಿಗೆ ಒಂದು ಜೀವಕ್ಕೆ ಹೇಳಿಕೊಳ್ಳುತ್ತಾಳೆ. ರೇಚೆಲ್ ಕರಗುತ್ತಾಳೆ. ಯಾರು ಎಂದು ಕೇಳುತ್ತಾಳೆ. ಹೆಸರು ಬರೆದ ಕೂಡಲೇ ಸಿಟ್ಟಾಗುತ್ತಾಳೆ. ಅವನ ಜೊತೆಗೇ ರೇಚೆಲ್ ಆಗ ತಿರುಗಾಡುತ್ತಿದ್ದಾಳೆ. ಸುಳ್ಳಿ ಎಂದು ಎದ್ದುಹೋಗುತ್ತಾಳೆ.

ಹೀಗೂ ಆಗುತ್ತದೆ. ಲೇಖಕಿ ಇದನ್ನು ಮುಚ್ಚಿಡಲಿಲ್ಲ, ಅದಕ್ಕೇ ಅವಳನ್ನು ನಂಬುತ್ತೇನೆ. ಮೊದಲು ತಟ್ಟಿದ ಬಾಗಿಲು ತೆರೆಯದೆ ಇರಬಹುದು. ಆಗ ಮಗುವಿಗೆ ಎರಡನೆಯ ಬಾಗಿಲಿನವರೆಗೆ ನಡೆಯುವ ಶಕ್ತಿ ಕೊಡು. ಆ ಎರಡನೆಯ ಬಾಗಿಲು ಹುಡುಗಿಯರ ಶೌಚಾಲಯದ ಗೋಡೆಯೂ ಆಗಬಹುದು. ಮೆಲಿಂಡಾ ಅಲ್ಲಿ, ಇಂಥವನಿಂದ ದೂರವಿರಿ ಎಂದು ಅವನ ಹೆಸರು ಬರೆದಿದ್ದಳು. ಕೆಲವು ದಿನ ಬಿಟ್ಟು ನೋಡಿದರೆ ಕೆಳಗೆ ಬೇರೆ ಬೇರೆ ಕೈಬರಹ. ಅವನ ಕೈಯಲ್ಲಿ ನೊಂದ ಬೇರೆ ಹುಡುಗಿಯರು. ತನ್ನೊಬ್ಬಳದೇ ಎಂದು ಹೊತ್ತಿದ್ದ ಭಾರಕ್ಕೆ ಅಷ್ಟು ಹೆಗಲು ಬಂದವು. ಕೊನೆಗೆ ಆ ಪೊರಕೆ ಕೋಣೆಯಲ್ಲಿ ಅವನು ಮತ್ತೆ ಮೈಮೇಲೆ ಬಂದಾಗ ಅವಳ ದನಿ ಹೊರಟಿತು. ಆ ಕೂಗು ಕೇಳಿ ಓಡಿಬಂದು ಬಾಗಿಲು ಬಡಿದವರೂ ಆಟ ಮುಗಿಸಿದ ಹುಡುಗಿಯರೇ. ಕಡೆಯಲ್ಲಿ ಅವಳ ಮರ ತಯಾರಾಯಿತು. ಕೆಳಗಿನ ಒಂದು ಕೊಂಬೆಗೆ ರೋಗ ತಗಲಿದ ಮರ. ತಿದ್ದಿ ತೀಡಿದ್ದಲ್ಲ, ಬದುಕಿರುವ ಮರ.

ಈ ಕತೆ ಬರೆದ ಕೈಗೆ ನಿನ್ನ ಆಶೀರ್ವಾದವಿರಲಿ. ಇಪ್ಪತ್ತು ವರ್ಷದ ಮೇಲೆ, 2019ರಲ್ಲಿ, 'ಷೌಟ್' ಎಂಬ ಪುಸ್ತಕದಲ್ಲಿ ಆಕೆ ತನ್ನದನ್ನೂ ಹೇಳಿಕೊಂಡಳು. ಹದಿಮೂರನೇ ವಯಸ್ಸಿನಲ್ಲಿ ತನಗೂ ಹೀಗಾಗಿತ್ತು, ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ ಎಂದು. ಮೆಲಿಂಡಾ ಮೊದಲು ಮಾತಾಡಿದಳು, ಅವಳನ್ನು ಹೆತ್ತವಳು ಆಮೇಲೆ. ಮಗಳು ತಾಯಿಯ ಕೈ ಹಿಡಿದು ನಡೆಸಿದ ಹಾಗೆ. ಕತೆ ಓದಿದ ಮಕ್ಕಳು ಆಕೆಗೆ ಕಾಗದ ಬರೆದರು. ನನಗೂ ಹೀಗಾಗಿದೆ, ನಿಮಗೇ ಮೊದಲು ಹೇಳುತ್ತಿರುವುದು ಎನ್ನುವ ಕಾಗದಗಳು. ಆ ಕಾಗದಗಳ ಮಾತುಗಳನ್ನೇ ಜೋಡಿಸಿ ಆಕೆ ಒಂದು ಪದ್ಯ ಕಟ್ಟಿದಳು. ಅದರ ಹೆಸರು 'ಲಿಸನ್'. ಕೇಳು. ಮಾತಾಡು ಎಂದು ಶುರುಮಾಡಿದವಳು ಕೇಳು ಎನ್ನುವಲ್ಲಿಗೆ ಬಂದಳಲ್ಲ ತಾಯೇ. ನಾನು ನಿನ್ನಲ್ಲಿ ಬೇಡುವುದೂ ಅದನ್ನೇ.

'ಸ್ಪೀಕ್' ಪುಸ್ತಕವನ್ನು ಕಪಾಟಿನಿಂದ ತೆಗೆಯಿರಿ ಎಂದವರೂ ಉಂಟು. 2010ರಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿ ಒಬ್ಬರು ಇದನ್ನು ಅಶ್ಲೀಲವೆಂದೇ ಕರೆದು ಪತ್ರಿಕೆಗೆ ಬರೆದರು. 2020ರಲ್ಲಿ ಆ ದೇಶದ ಲೈಬ್ರರಿಗಳಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ಇದು ನಾಲ್ಕನೆಯದು. ಅವರನ್ನು ಶಪಿಸಲಾರೆ. ತಮ್ಮ ಮಕ್ಕಳಿಗೆ ಇಂಥದ್ದು ಗೊತ್ತೇ ಆಗದಿರಲಿ ಎಂಬ ಹೆದರಿಕೆ ಅವರದು. ನನ್ನ ತಾಯಿಗೂ ಅದೇ ಹೆದರಿಕೆಯಿತ್ತು. ಆದರೆ ಗೊತ್ತಾಗಿಬಿಟ್ಟಿರುವ ಮಗು ಯಾವ ಪುಸ್ತಕ ಓದಬೇಕು? ಮೈಗೆ ಗೊತ್ತಾದದ್ದಕ್ಕೆ ಹೆಸರಿಲ್ಲದೆ ಒದ್ದಾಡುವ ಮಗುವಿಗೆ ಆ ಹೆಸರನ್ನು ಯಾರು ಹೇಳಿಕೊಡಬೇಕು? 2023ರಲ್ಲಿ ಆಂಡರ್ಸನ್‌ಗೆ ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ ಪ್ರಶಸ್ತಿ ಬಂತೆಂದು ಕೇಳಿ ನನ್ನ ಮನೆಗೇ ಬಂದಷ್ಟು ಸಂತೋಷಪಟ್ಟೆ.

ಹೇಳದ ಕತೆ ನನ್ನದೂ ಒಂದಿದೆ. ನಿನಗೆ ಗೊತ್ತು. ಬಿಚ್ಚುವುದಿಲ್ಲ. ಬಿಚ್ಚಲೇಬೇಕೆಂದಿಲ್ಲ ಎನ್ನುವುದನ್ನೂ ನೀನೇ ಕಲಿಸಿದೆ. ಅಜ್ಜಿಯ ವಿಷಯ ಮಾತ್ರ ಹೇಳುತ್ತೇನೆ. ರಜೆಗೆ ನೆಂಟರ ಮನೆಗೆ ಹೋಗಿದ್ದ ನಾನು ಹಿಂದಿರುಗಿ ಬಂದು ಬಚ್ಚಲಿನಲ್ಲಿ ಬಹಳ ಹೊತ್ತು ಕೂತಿದ್ದೆ. ಅಜ್ಜಿ ಬಾಗಿಲ ಹೊರಗೆ ಕೂತು ಒಲೆಗೆ ಸೌದೆ ಒಟ್ಟುತ್ತಲೇ ಇದ್ದರು. ನೀರು ಆರದ ಹಾಗೆ. ನಾನು ಹೊರಬಂದಾಗ ತಲೆ ಒರೆಸಿ, "ನಿಂದೇನೂ ತಪ್ಪಿಲ್ಲ ಮಗಾ" ಎಂದರು. ಅವರಿಗೆ ಹೇಗೆ ಗೊತ್ತಾಯಿತೋ. ಆ ಮನೆಗೆ ನನ್ನನ್ನು ಮತ್ತೆಂದೂ ಕಳಿಸಲಿಲ್ಲ. ಮದುವೆ ಮುಂಜಿಗೂ ಕಳಿಸಲಿಲ್ಲ. ಯಾರೋ ಕೇಳಿದಾಗ, "ಅವಳು ಬರಾದಿಲ್ಲ, ಅಷ್ಟೇ" ಎಂದರು. ಆ ವರ್ಷವೆಲ್ಲ ರಾತ್ರಿ ನನ್ನ ಪಕ್ಕ ಮಲಗಿದರು. ನಿನ್ನ ಅಕ್ಷರ ಒಂದನ್ನೂ ಅರಿಯದ ಅಜ್ಜಿ. ಅವರಿಗೆ ಮೂರನೆಯ ಹೂವು.

ಅಜ್ಜಿಯ ಕಿವಿ ನನಗೆ ಬರಲಿಲ್ಲ ಯಾಕೆ? ಅವರು ನನಗೆ ಮಾಡಿದ್ದನ್ನು ನಾನು ಆ ಹುಡುಗಿಗೆ ಮಾಡಲಿಲ್ಲ ಯಾಕೆ? ಉತ್ತರ ಕೇಳುತ್ತಿಲ್ಲ. ನಿನ್ನ ಪಾದದ ಬಳಿ ಇಟ್ಟು ಹೋಗುತ್ತೇನೆ.

ಕುಮಾರವ್ಯಾಸನ ವಿರಾಟಪರ್ವವನ್ನು ಎಷ್ಟು ಸಲ ಪಾಠ ಮಾಡಿದೆನೋ. ಸೈರಂಧ್ರಿಯ ವೇಷದ ದ್ರೌಪದಿಯನ್ನು ಕೀಚಕ ತುಂಬಿದ ಸಭೆಯಲ್ಲಿ ಒದೆಯುತ್ತಾನೆ. ರಾಜ ಸುಮ್ಮನಿರುತ್ತಾನೆ. ಗಂಡನೂ ವೇಷ ಕಳಚಬಾರದೆಂದು ಸುಮ್ಮನಿರುತ್ತಾನೆ. ಅವಳು ರಾತ್ರಿ ಕತ್ತಲಲ್ಲಿ ಅಡುಗೆಮನೆಗೆ ನಡೆದು ಹೋಗುತ್ತಾಳೆ, ವಲಲನಾಗಿ ಮಲಗಿದ್ದ ಭೀಮನನ್ನು ಎಬ್ಬಿಸುವುದಕ್ಕೆ. ಛಂದಸ್ಸು ಹೇಳಿಕೊಟ್ಟೆ, ಅಲಂಕಾರ ಹೇಳಿಕೊಟ್ಟೆ. ಆ ಸಭೆಯಿಂದ ಅಡುಗೆಮನೆಯವರೆಗಿನ ದಾರಿ ಎಷ್ಟು ಉದ್ದವೆಂದು ಒಂದು ದಿನವೂ ಹೇಳಲಿಲ್ಲ. ನನ್ನ ತರಗತಿಯಲ್ಲೇ ಆ ದಾರಿಯ ನಡುವೆ ನಿಂತವರು ಕೂತಿದ್ದರೋ ಏನೋ. ಈಗ ಹೇಳುತ್ತೇನೆ. ದ್ರೌಪದಿಗೆ ಯಾರನ್ನು ಎಬ್ಬಿಸಬೇಕೆಂದು ಗೊತ್ತಿತ್ತು, ನಿಮಗೆ ಗೊತ್ತೇ ಮಕ್ಕಳೇ ಎಂದು ಕೇಳುತ್ತೇನೆ. ಕೇಳಿ ಸುಮ್ಮನಾಗುತ್ತೇನೆ. ಆ ಮೌನ ಬೇರೆ ಜಾತಿಯದು.

ತಂಗಿಯ ಮಗಳು ಕೊಟ್ಟ ಇನ್ನೊಂದು ಪುಸ್ತಕ ಕೆನಡಾದ್ದು. ಇ.ಕೆ. ಜಾನ್‌ಸ್ಟನ್ ಎಂಬಾಕೆ 2016ರಲ್ಲಿ ಬರೆದದ್ದು, 'ಎಕ್ಸಿಟ್, ಪರ್ಸ್ಯೂಡ್ ಬೈ ಅ ಬೇರ್'. ಷೇಕ್ಸ್‌ಪಿಯರನ ನಾಟಕದಲ್ಲಿ ಬರುವ ರಂಗಸೂಚನೆಯಂತೆ ಆ ಹೆಸರು. ಹರ್ಮಾಯಿನಿ ಎಂಬ ಹುಡುಗಿ ಶಿಬಿರಕ್ಕೆ ಹೋಗಿರುತ್ತಾಳೆ. ಯಾರೋ ಅವಳ ಪಾನೀಯದಲ್ಲಿ ಮತ್ತು ಬರಿಸುವುದನ್ನು ಬೆರೆಸುತ್ತಾರೆ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವಳಿಗೆ ಏನೂ ನೆನಪಿಲ್ಲ. ನಾನು ಎದೆ ಬಿಗಿಹಿಡಿದು ಓದಿದೆ, ಇವಳನ್ನೂ ಈಗ ಎಲ್ಲರೂ ಕೈಬಿಡುತ್ತಾರೆ ಎಂದು. ಬಿಡಲಿಲ್ಲ! ಗೆಳತಿ ಪಾಲಿ ಹಗಲು ರಾತ್ರಿ ಜೊತೆಗಿದ್ದಳು. ಅಪ್ಪ ಅಮ್ಮ ನಂಬಿದರು. ಪೊಲೀಸ್ ಹೆಂಗಸು ಮೆದುವಾಗಿ ಮಾತಾಡಿದಳು. ಡಾಕ್ಟರು ಕಾದರು. ಪತ್ರಿಕೆಯವನೊಬ್ಬ, ನೀನು ಎಚ್ಚರ ವಹಿಸಬಹುದಿತ್ತಲ್ಲ ಎಂಬಂತೆ ಕೇಳಿದಾಗ ಪಾಲಿ ಅವನ ಬಾಯಿ ಮುಚ್ಚಿಸಿದಳು. ಹುಡುಗಿಯನ್ನು ಕೇಳುತ್ತೀಯಲ್ಲ, ಹುಡುಗರನ್ನು ಕೇಳಿದ್ದೀಯಾ ಎಂದು. ಇಷ್ಟು ಒಳ್ಳೆಯವರು ಎಲ್ಲಿರುತ್ತಾರೆ ಎಂದು ಮೊದಲು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿದೆ. ಅವರು ಮಾಡಿದ್ದರಲ್ಲಿ ನಮ್ಮಿಂದ ಆಗದ್ದು ಒಂದೂ ಇರಲಿಲ್ಲ.

ಅದಾದಮೇಲೆ ನಾನು ಕಲಿಯಲು ಹೊರಟೆ ತಾಯೇ, ಈ ವಯಸ್ಸಿನಲ್ಲಿ. ಉಪನ್ಯಾಸಕರಿಗಾಗಿ ಏರ್ಪಡಿಸಿದ್ದ ಒಂದು ದಿನದ ತರಬೇತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು ನೋಟ್ಸು ಬರೆದುಕೊಂಡೆ. 2012ರ ಪೋಕ್ಸೊ ಕಾಯ್ದೆಯನ್ನು ಕನ್ನಡದಲ್ಲಿ ಓದಿದೆ. ಹದಿನೆಂಟು ತುಂಬದ ಮಗುವಿಗೆ ಹೀಗಾಗಿದೆ ಎಂದು ತಿಳಿದರೆ ನಾನು ಪೊಲೀಸರಿಗೆ ತಿಳಿಸಲೇಬೇಕು. ಆದ್ದರಿಂದ, ಯಾರಿಗೂ ಹೇಳುವುದಿಲ್ಲ ಎಂದು ಮಗುವಿಗೆ ಆಣೆ ಇಡಬಾರದು. ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ, ನಿನ್ನ ಜೊತೆ ನಾನಿರುತ್ತೇನೆ ಎನ್ನಬೇಕು. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಕಡೆಯೋ ಬರೆದುಕೊಳ್ಳಬೇಕು. ಬರೆದುಕೊಳ್ಳುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಠಾಣೆಯಲ್ಲಿ ಕೂರಿಸುವಂತಿಲ್ಲ. ಹೆಸರು ಹೊರಬೀಳುವಂತಿಲ್ಲ. ಆಸ್ಪತ್ರೆ ಸರ್ಕಾರದ್ದಾಗಲಿ ಖಾಸಗಿಯಾಗಲಿ, ದುಡ್ಡು ಕೇಳದೆ ಚಿಕಿತ್ಸೆ ಕೊಡಬೇಕು. ಇದೆಲ್ಲ ಕಾಗದದ ಮೇಲಿದೆ. ಕಾಗದದಿಂದ ಮನುಷ್ಯರ ನಡತೆಗೆ ಇಳಿಯುವಾಗ ಎಷ್ಟು ಸೋರಿಹೋಗುತ್ತದೋ, ಅದನ್ನು ನೀನೇ ಬಲ್ಲೆ. ಆದರೂ ಬರೆದವರಿಗೆ ನಮಸ್ಕಾರ.

ಕೇಳಬಾರದ ಪ್ರಶ್ನೆಗಳನ್ನೂ ಆ ತರಬೇತಿಯಲ್ಲೇ ಕಲಿತೆ. ಯಾಕೆ ಕೂಗಲಿಲ್ಲ ಎಂದು ಕೇಳಬಾರದು. ಭಯ ಮಿತಿ ಮೀರಿದಾಗ ಮೈ ಮರಗಟ್ಟುತ್ತದೆ, ಗಂಟಲು ಕಟ್ಟುತ್ತದೆ. ಅದು ದೇಹದ ಕೆಲಸ, ಮನಸ್ಸಿನ ಒಪ್ಪಿಗೆಯಲ್ಲ. ನನಗೆ ಆಗ ಅಹಲ್ಯೆಯ ನೆನಪಾಯಿತು. ಕಲ್ಲಾದಳು ಎಂದು ಹೇಳುತ್ತಾರೆ. ಶಾಪದಿಂದ ಆದಳೋ, ಅದಕ್ಕೂ ಮೊದಲೇ ಆಗಿದ್ದಳೋ.

ಹುಡುಗರಿಗಾಗಿಯೂ ಬೇಡುತ್ತೇನೆ. ಮೆಲಿಂಡಾ ಅಷ್ಟೊಂದು ಯಾಕೆ ನೊಂದುಕೊಂಡಳು ಎಂದು ಹುಡುಗರು ತನ್ನನ್ನು ಮುಗ್ಧವಾಗಿ ಕೇಳುತ್ತಾರೆ ಎಂದು ಆಂಡರ್ಸನ್ ಹೇಳಿಕೊಂಡಿದ್ದಾಳೆ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಮ್ಮ ಹಿಂದಿನ ಬೆಂಚಿನ ಹುಡುಗರು ಕೆಟ್ಟವರಲ್ಲ ತಾಯೇ. ಒಪ್ಪಿಗೆ ಎಂದರೇನು ಎಂದು ಅವರಿಗೆ ಸಿನಿಮಾದ ಹಾಡಿಗಿಂತ ಚೆನ್ನಾಗಿ ಹೇಳುವ ಬಾಯಿ ನಮಗಿರಲಿ. ತಾವೇ ನೊಂದ ಹುಡುಗರೂ ಇದ್ದಾರೆ. ಗಂಡಸಾಗಿ ಅಳುತ್ತೀಯಾ ಎಂಬ ಮಾತಿನ ಕೆಳಗೆ ಸಿಕ್ಕಿಬಿದ್ದವರು. ಅವರ ಬಾಗಿಲೂ ತೆರೆದಿರಲಿ.

ಇನ್ನೊಂದು ಆಸೆ, ದೊಡ್ಡದು. ನಮ್ಮ ಮಕ್ಕಳ ಕೈಗಿಡಲು ಇಂಥ ಒಂದು ಕಾದಂಬರಿ ನನ್ನ ಕಪಾಟಿನಲ್ಲಿ ಕನ್ನಡದಲ್ಲಿಲ್ಲ. ಹದಿನಾರರ ಹುಡುಗಿ ನಿಘಂಟು ಹಿಡಿಯದೆ ಓದುವಂಥದ್ದು. ಬಸ್ ಪಾಸು, ಹಾಸ್ಟೆಲಿನ ತಿಳಿಸಾರು, ಊರಿನ ತೇರು, ನೆಂಟರ ಮನೆಯ ಕತ್ತಲೆ ನಡುಮನೆ ಇರುವಂಥದ್ದು. ಯಾವ ಹುಡುಗಿಯ ಬೆರಳಿಗೆ ಅದನ್ನು ಬರೆಯುವ ಕಸುವು ಕೊಟ್ಟಿದ್ದೀಯೋ ಅವಳನ್ನು ಕಾಪಾಡು. ಬರೆಯುವಾಗ ಅವಳ ಪಕ್ಕ ಯಾರಾದರೂ ಸೌದೆ ಒಟ್ಟುತ್ತಾ ಕೂತಿರಲಿ.

ಈಗ ಇವತ್ತಿನ ಮಾತು. ಅದಕ್ಕೇ ಇಷ್ಟು ಬೇಗ ಬಂದದ್ದು.

ಆ ಗಾದೆಗೆ ಸುಣ್ಣ ಹೊಡೆಸಿದ ದಿನ ನಾನು ಸಣ್ಣದೊಂದು ಕೆಲಸ ಮಾಡಿದೆ. ಹುಡುಗಿಯರ ಶೌಚಾಲಯದ ಬಾಗಿಲುಗಳ ಒಳಬದಿಗೆ ಒಂದೊಂದು ಚೀಟಿ ಅಂಟಿಸಿದೆ. ಮಕ್ಕಳ ಸಹಾಯವಾಣಿ 1098, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ. ಒಬ್ಬಳೇ ಇರುವಾಗ ಓದಲಿ ಎಂದು. ಮೊನ್ನೆ ಸಂಜೆ ನೋಡಿದರೆ ಮೂರನೆಯ ಬಾಗಿಲ ಚೀಟಿಯ ಕೆಳಗೆ ಪೆನ್ಸಿಲಿನಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಫೋನ್ ಇಲ್ಲದವರು?

ಕಾಲು ನಡುಗಿತು. ಗೋಡೆಗೆ ಒರಗಿ ನಿಂತೆ. ಆಮೇಲೆ ನನ್ನ ಪೆನ್ನು ತೆಗೆದು ಅದರ ಕೆಳಗೆ ಬರೆದೆ: ಲೈಬ್ರರಿಗೆ ಬಾ. ಊಟದ ಬಿಡುವಿನಲ್ಲಿ ನಾನಿರುತ್ತೇನೆ. ದುಂಡಗೆ ಬರೆಯಲು ನೋಡಿದೆ. ಕೈ ಸೊಟ್ಟಗೆ ಹೋಯಿತು.

ನಿನ್ನೆ ಯಾರೂ ಬರಲಿಲ್ಲ. ಬಾಗಿಲ ಹತ್ತಿರ ನೆರಳೊಂದು ನಿಂತು ಹೋಯಿತು ಅನ್ನಿಸಿತು. ನಾನು ಎದ್ದು ಹೋಗಿ ನೋಡಲಿಲ್ಲ. ನೋಡಬೇಕಿತ್ತೋ, ನೋಡದೆ ಒಳ್ಳೆಯದಾಯಿತೋ, ತಿಳಿಯದು. ಸುಮ್ಮನೆ ಕುತೂಹಲಕ್ಕೆ ಬರೆದದ್ದೂ ಇರಬಹುದು. ಹಾಗೇ ಇರಲಿ ತಾಯೇ, ಹಾಗೇ ಇರಲಿ. ಅಲ್ಲವಾದರೆ ಅವಳ ಕಾಲಿಗೆ ಬಲ ಕೊಡು.

ನನ್ನ ಮೇಜಿನ ಎದುರಿಗೆ ಇಷ್ಟು ವರ್ಷ ಕುರ್ಚಿ ಇರಲಿಲ್ಲ. ಮಕ್ಕಳು ನಿಂತೇ ಮಾತಾಡಬೇಕು, ನಮ್ಮಲ್ಲಿ ಅದೇ ರೂಢಿ. ಇವತ್ತು ಮನೆಯಿಂದ ಒಂದು ಬೆತ್ತದ ಕುರ್ಚಿ ತಂದಿದ್ದೇನೆ. ಆಟೋದವರು ಯಾಕಮ್ಮ ಇದು ಎಂದರು, ಲೈಬ್ರರಿಗೆ ಎಂದೆ. ಒಂದು ತಂಬಿಗೆ ನೀರು ಇಟ್ಟಿದ್ದೇನೆ. ಎರಡು ಡಬ್ಬಿ ಚಿತ್ರಾನ್ನ ತಂದಿದ್ದೇನೆ, ಅವಳು ತಿನ್ನದಿದ್ದರೂ ಪರವಾಗಿಲ್ಲ. ಒಂದು ಬಿಳಿ ಹಾಳೆ, ಒಂದು ಪೆನ್ಸಿಲು. ಬಾಯಿ ಬರದಿದ್ದರೆ ಬರೆದು ಈ ಕಡೆ ತಳ್ಳಲಿ.

ನಾಲ್ಕನೆಯ ಹೂವು ಅವಳಿಗೆ.

ಅವಳು ಹೇಳಿದ್ದನ್ನು ನಾನು ನಂಬುವ ಹಾಗೆ ಮಾಡು. ನಡುವೆ ಬಾಯಿ ಹಾಕದ ಹಾಗೆ ಮಾಡು. ನನ್ನ ಮುಖದಲ್ಲಿ ಗಾಬರಿ ಕಾಣದಿರಲಿ, ಕಂಡರೆ ಅವಳು ನನ್ನನ್ನೇ ಸಮಾಧಾನ ಮಾಡಲು ಹೊರಡುತ್ತಾಳೆ. ಅಜ್ಜಿ ಹೇಳಿದ ಆ ಮೂರು ಶಬ್ದ ಹೊತ್ತಿಗೆ ಸರಿಯಾಗಿ ನಾಲಿಗೆಗೆ ಬರಲಿ. ಅಷ್ಟು ಮಾತು ಸಾಕು. ಮಿಕ್ಕಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೋ.

ಕೆಳಗಡೆ ಬಸ್ಸಿನ ಹಾರನ್ನು ಕೇಳಿತು. ಮಕ್ಕಳು ಮೆಟ್ಟಿಲು ಹತ್ತುತ್ತಿದ್ದಾರೆ. ಅಷ್ಟು ಚಪ್ಪಲಿಗಳ ಸದ್ದಿನಲ್ಲಿ ಯಾವುದು ಅವಳದೋ.

ರಿಜಿಸ್ಟರ್ ಮುಚ್ಚಿಟ್ಟಿದ್ದೇನೆ ತಾಯೇ. ತಲೆ ಎತ್ತಿ ಕೂತಿದ್ದೇನೆ.